ಮಗಳಿಗೊಂದು ಪತ್ರ: ಆ ಭಾಷಣ ನಾನೂ ಕೇಳಿದೆ

ಅರಸೀಕೆರೆ
2 ಸೆಪ್ಟೆಂಬರ್ 2024

ಪುಟ್ಟೀ,

ಎದುರುಮನೆ ಹುಡುಗ ಬುಧವಾರ ಚಿಕಾಗೋಗೆ ಹೊರಟಿದ್ದಾನೆ. ಸೂಟ್‌ಕೇಸಿನಲ್ಲಿ ನಮಗೂ ಸ್ವಲ್ಪ ಜಾಗ ಬಿಟ್ಟಿದ್ದಾನೆ. ಚಟ್ನಿಪುಡಿ, ಕೊಬ್ಬರಿ, ಗೌರಿ ಬಾಗಿನಕ್ಕೆ ಅರಿಶಿನ ಕುಂಕುಮ, ಬಳೆ, ರವಿಕೆ ಕಣ ಎಲ್ಲ ಇಟ್ಟ ಮೇಲೆ ಈ ಕಾಗದವನ್ನೂ ಸೇರಿಸುತ್ತಿದ್ದೇನೆ. ವಾಟ್ಸಾಪಿನಲ್ಲಿ ಬರೆದರೆ ನೀಲಿ ಗೀಟು ಬೀಳುತ್ತೆ, ಉತ್ತರ ಬರಲ್ಲ. ಫೋನ್ ಮಾಡಿದರೆ ಅಳಿಯಂದಿರು ಎತ್ತಿ, "ಸ್ನಾನಕ್ಕೆ ಹೋಗಿದ್ದಾಳೆ ಅತ್ತೆ" ಅನ್ನುತ್ತಾರೆ. ಎಷ್ಟು ಹೊತ್ತಿಗೆ ಮಾಡಿದರೂ ನೀನು ಸ್ನಾನದಲ್ಲೇ ಇರುತ್ತೀಯ. ಪಾಪ, ಅವರಿಗೆ ಸುಳ್ಳು ಹೇಳೋಕೆ ಬರುವುದಿಲ್ಲ.

ನಿಮ್ಮ ಚಿಕಾಗೋದಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಾವೇಶ ಆಯಿತಲ್ಲ, ಅಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಕಮಲಾ ಹ್ಯಾರಿಸ್ ಮಾಡಿದ ಭಾಷಣ ಕೇಳಿ ಅತ್ತುಬಿಟ್ಟೆ ಅಂದಿದ್ದಕ್ಕೆ ಆವತ್ತು ಫೋನಿನಲ್ಲಿ ಏನೇನಾಯಿತು ಅಂತ ಮತ್ತೆ ಬರೆಯುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು. ನಿನ್ನ ಸೋದರಮಾವ ಅದನ್ನು ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದಕ್ಕೆ ಅವನ ಪರವಾಗಿ ನಾನೇ ಕ್ಷಮೆ ಕೇಳುತ್ತೇನೆ. ಅವನಂತೂ ಕೇಳುವವನಲ್ಲ. ಆದರೆ ನೀನು ಕೊನೆಯಲ್ಲಿ ಹೇಳಿದ ಮಾತು ನನಗೆ ನುಂಗಲಾಗುತ್ತಿಲ್ಲ. "ಅಮ್ಮಾ, ನಿನ್ನಂಥವರು ಅಳಲಿ ಅಂತಾನೇ ಅದನ್ನು ಬರೆಸಿರ್ತಾರೆ." ನಾನು ಬಾಯಿ ತೆರೆಯುವಷ್ಟರಲ್ಲಿ ಫೋನ್ ಇಟ್ಟುಬಿಟ್ಟೆ.

ಆಗ ಹೇಳಬೇಕೆಂದಿದ್ದನ್ನು ಈಗ ಹೇಳುತ್ತೇನೆ.

ನಾನು ಆ ಭಾಷಣ ಪೂರ್ತಿ ಕೇಳಿದೆ. ನಿಮಗೆ ಗುರುವಾರ ರಾತ್ರಿ, ನಮಗೆ ಶುಕ್ರವಾರ ಬೆಳಗ್ಗೆ ಎಂಟರ ಹೊತ್ತು. ಶ್ರಾವಣ ಶುಕ್ರವಾರ ಬೇರೆ. ನಿಮ್ಮಪ್ಪ, "ಅಮೆರಿಕದ ಎಲೆಕ್ಷನ್ನಿಗೋಸ್ಕರ ಇಲ್ಲಿ ಲಕ್ಷ್ಮಿ ಕಾಯಬೇಕಾ?" ಅಂದರು. ಕಾಯಲಿ ಅಂದೆ. ಒಂದು ಸಲ ನೇರಪ್ರಸಾರ ನೋಡಿದೆ. ಮಧ್ಯಾಹ್ನ ಕೆಳಗೆ ಅಕ್ಷರ ಬರುವ ಹಾಗೆ ಮಾಡಿಕೊಂಡು, ನಿಲ್ಲಿಸಿ ನಿಲ್ಲಿಸಿ ಇನ್ನೊಂದು ಸಲ ನೋಡಿದೆ. ಜುಲೈನಲ್ಲಿ ಮಿಲ್ವಾಕಿಯಲ್ಲಿ ಟ್ರಂಪ್ ಮಾಡಿದ ಭಾಷಣಕ್ಕೂ ಹೀಗೇ ಕೂತಿದ್ದೆ, ನಿನಗೆ ಹೇಳಿರಲಿಲ್ಲ. ಕಿವಿಗೆ ಬಿಳಿ ಪಟ್ಟಿ ಹಾಕಿಕೊಂಡು ಗುಂಡೇಟಿನ ಕಥೆ ಹೇಳುವ ತನಕ ಎಚ್ಚರವಾಗಿದ್ದೆ. ಅದು ಒಂದೂವರೆ ಗಂಟೆ ನಡೆಯಿತು ಪುಟ್ಟಿ, ಯಾರಿಗಾದರೂ ತೂಕಡಿಕೆ ಬರುತ್ತೆ. ಕಮಲಾ ಅವರದು ಮುಕ್ಕಾಲು ಗಂಟೆಯೂ ಇರಲಿಲ್ಲ. ಅಷ್ಟಕ್ಕೆ ನಮ್ಮ ಮನೆಯಲ್ಲಿ ಎಷ್ಟು ರಾದ್ಧಾಂತ!

ಗ್ರೂಪಿನಲ್ಲಿ ಬಂದಿದ್ದನ್ನು ನೀನು ಬಿಟ್ಟು ಹೋದ ಮೇಲೆ ನೋಡಿಲ್ಲ, ಅದಕ್ಕೆ ಹೇಳುತ್ತೇನೆ. ನಿನ್ನ ದೊಡ್ಡಮ್ಮನಿಗೆ, ಇಂಡಿಯಾ ಅಂತ ಹಾಗೆ ಹೇಳಿ ಹೀಗೆ ಹಾದು ಹೋದರಲ್ಲ ಅಂತ ಬೇಜಾರು. 2020ರಲ್ಲಿ ಉಪಾಧ್ಯಕ್ಷೆ ಸ್ಥಾನಕ್ಕೆ ಒಪ್ಪಿಗೆ ಕೊಟ್ಟಾಗ ಚಿತ್ತಿಯರನ್ನಾದರೂ, ಅಂದರೆ ತಮಿಳಿನಲ್ಲಿ ಚಿಕ್ಕಮ್ಮಂದಿರನ್ನು, ನೆನೆದಿದ್ದರು, ಈ ಸಲ ಅದೂ ಇಲ್ಲ ಅಂತ ಬರೆದಳು. ಮಾವ ತಮಿಳುನಾಡಿನಲ್ಲಿರುವ ಆಕೆಯ ತಾತನ ಊರು ತುಳಸೇಂದ್ರಪುರದ ಬ್ಯಾನರಿನ ಫೋಟೋ ಹಾಕಿ, "ತಮಿಳರ ಹುಡುಗಿ, ನಮಗೇನು?" ಅಂದ. ಬೆಂಗಳೂರಿನ ಇನ್ನೊಬ್ಬರು, ಆಕೆ ತಾನು ಕಪ್ಪು ಜನಾಂಗದವಳು ಅಂತಾರೆ, ನಮ್ಮವಳು ಅಂತ ಹೇಳಿಕೊಳ್ಳೋದೇ ಇಲ್ಲ ಅಂದರು. ನಿಮ್ಮ ಚಿಕಾಗೋದಲ್ಲೇ, ಜುಲೈ ಕೊನೆಗೆ, ಪತ್ರಕರ್ತರ ಮುಂದೆ ಟ್ರಂಪ್ ಆಡಿದ ಮಾತನ್ನೇ ಇವರು ಕನ್ನಡದಲ್ಲಿ ಹೇಳುತ್ತಿದ್ದಾರೆ. ತಾವೇ ಯೋಚನೆ ಮಾಡಿ ಬರೆದೆವು ಅಂದುಕೊಂಡಿದ್ದಾರೆ ಅಷ್ಟೆ.

ಅಲ್ಲಿಯವರೇನು ಕಮ್ಮಿ? ಆಕೆ ಮಾತಾಡುತ್ತಿರುವಾಗಲೇ ಟ್ರಂಪ್ ಫೋನಿನಲ್ಲಿ ಒಂದರ ಹಿಂದೆ ಒಂದು ಸಾಲು ಬರೆದು ಹಾಕುತ್ತಿದ್ದರಂತೆ. ಮುಗಿದ ತಕ್ಷಣ ಟೀವಿಯವರಿಗೆ ಫೋನ್ ಮಾಡಿ ಬೈದರು. ಮಾತಿನ ಮಧ್ಯೆ ಫೋನಿನ ಗುಂಡಿ ಒತ್ತಿ ಪೀಂ ಪೀಂ ಅನ್ನುತ್ತಿತ್ತು. ನಿಮ್ಮಪ್ಪ ಅದನ್ನು ಮತ್ತೆ ಮತ್ತೆ ಹಾಕಿಕೊಂಡು ನಕ್ಕರು. ಅರ್ಧ ಜನಕ್ಕೆ ಬಿಯಾನ್ಸೆ ಹಾಡಲು ಬರಲಿಲ್ಲವಲ್ಲ ಅನ್ನೋದೇ ಚಿಂತೆ. ಸಭೆಯಲ್ಲಿ ಎಷ್ಟೋ ಹೆಂಗಸರು ಬಿಳಿ ಬಟ್ಟೆ ಉಟ್ಟು ಬಂದಿದ್ದರು, ಹಿಂದೆ ಹೆಂಗಸರ ವೋಟಿಗಾಗಿ ಹೋರಾಡಿದವರ ನೆನಪಿಗೆ. ನಮ್ಮ ಕಡೆ ಗ್ರೂಪಿನಲ್ಲಿ ಒಬ್ಬರು, "ಇದೇನು ಶೋಕಸಭೆಯಾ?" ಅಂತ ಕೇಳಿದರು. ಟೀವಿಯಲ್ಲಿ ಆಕೆಯನ್ನು ನೋಡಿದವರು ಸುಮಾರು 2 ಕೋಟಿ 89 ಲಕ್ಷ, ಟ್ರಂಪ್ ಅವರನ್ನು ನೋಡಿದವರು ಸುಮಾರು 2 ಕೋಟಿ 84 ಲಕ್ಷ. ಇಬ್ಬರ ಕಡೆಯವರೂ ಇದನ್ನು ಹಿಡಿದುಕೊಂಡು ಕಿತ್ತಾಡಿದರು. ನಾನು ಗಣಿತದ ಮೇಷ್ಟ್ರಮ್ಮ, ಆ ವ್ಯತ್ಯಾಸದಿಂದ ಏನೂ ಹುಟ್ಟುವುದಿಲ್ಲ ಅಂತ ನನಗೆ ಗೊತ್ತು.

ನಿನ್ನ ಸಿಟ್ಟು ಬೇರೆ. ಅದು ನನಗೆ ಅರ್ಥವಾಗುತ್ತೆ. ಅರ್ಥವಾಗಲ್ಲ ಅಂತ ನೀನು ಅಂದುಕೊಂಡಿದ್ದೀಯ. ಗಾಜಾದ ವಿಷಯ ಬಂದಾಗ ಕಮಲಾ, ಇಸ್ರೇಲಿಗೆ ತನ್ನನ್ನು ಕಾಪಾಡಿಕೊಳ್ಳುವ ಹಕ್ಕಿದೆ ಅಂದರು. ಪ್ಯಾಲೆಸ್ತೀನಿಯರಿಗೆ ಗೌರವ, ಭದ್ರತೆ, ಸ್ವಾತಂತ್ರ್ಯ ಸಿಗಬೇಕು ಅಂದರು. ಸಭೆ ಎರಡಕ್ಕೂ ಕೂಗಿತು. ಆಯುಧ ಕೊಡುವುದನ್ನು ನಿಲ್ಲಿಸುತ್ತೇವೆ ಅನ್ನಲಿಲ್ಲ. ಜಗತ್ತಿನಲ್ಲೇ ಅತಿ ಮಾರಕ ಸೈನ್ಯ ನಮ್ಮದಾಗಿರಬೇಕು ಅಂದರು. ಆ ಮಾತಿಗೆ ನನಗೂ ಮೈ ಜುಮ್ಮೆಂದಿತು. ಒಬ್ಬ ಪ್ಯಾಲೆಸ್ತೀನಿ ಅಮೆರಿಕನ್ನರಿಗೆ ವೇದಿಕೆ ಮೇಲೆ ಎರಡು ಮಾತಾಡಲು ಬಿಡಿ ಅಂತ ಆ ಪಕ್ಷದ ಪ್ರತಿನಿಧಿಗಳೇ ಬಾಗಿಲ ಹೊರಗೆ ರಾತ್ರಿಯೆಲ್ಲ ಕೂತರು. ಬಿಡಲಿಲ್ಲ. ಅದು ತಪ್ಪು ಅಂತ ನಾನೂ ಹೇಳುತ್ತೇನೆ. ಫೋನಿನಲ್ಲೇ ಹೇಳುತ್ತಿದ್ದೆ, ನೀನು ಕೇಳಿದ್ದರೆ.

ಆದರೆ ನಾನು ಅತ್ತಿದ್ದು ಬೇರೆ ಕಡೆ. ಆಕೆಯ ಅಮ್ಮ ಶ್ಯಾಮಲಾ ಅವರ ಮಾತು ಬಂದಾಗ. 19ನೇ ವಯಸ್ಸಿಗೆ ಒಬ್ಬಳೇ ಸಮುದ್ರ ದಾಟಿ ಕ್ಯಾಲಿಫೋರ್ನಿಯಾಗೆ ಹೋದ ಹುಡುಗಿ. ಸ್ತನ ಕ್ಯಾನ್ಸರಿಗೆ ಮದ್ದು ಹುಡುಕಬೇಕು ಅಂತ ಆಸೆ. ಓದು ಮುಗಿಸಿ ಊರಿಗೆ ಬಂದು ಹಿರಿಯರು ನೋಡಿದ ಗಂಡನ್ನು ಮದುವೆಯಾಗಬೇಕಿತ್ತು, ಅಲ್ಲೇ ಜಮೈಕಾದ ಹುಡುಗನನ್ನು ಮೆಚ್ಚಿಕೊಂಡರು. ಅದೆಲ್ಲ ಸರಿ. ನಾನು ವಿಡಿಯೋ ನಿಲ್ಲಿಸಿದ್ದು ಅದಾದ ಮೇಲೆ. ನಮ್ಮಮ್ಮ ಐದಡಿ ಎತ್ತರದ ಕಂದು ಮೈಬಣ್ಣದ ಹೆಂಗಸು, ಇಂಗ್ಲಿಷ್ ಬೇರೆ ಥರ ಆಡುತ್ತಿದ್ದಳು, ಜನ ಅವಳನ್ನು ಹೇಗೆ ನಡೆಸಿಕೊಳ್ಳುತ್ತಿದ್ದರು ಅಂತ ದೊಡ್ಡ ಮಗಳಾಗಿ ನಾನು ನೋಡುತ್ತಿದ್ದೆ, ಆದರೆ ಅವಳು ಯಾವತ್ತೂ ತಾಳ್ಮೆ ಕಳೆದುಕೊಳ್ಳಲಿಲ್ಲ. ಹೆಚ್ಚುಕಮ್ಮಿ ಹೀಗೆ ಹೇಳಿದರು.

ನಾನೂ ಐದಡಿ, ಪುಟ್ಟಿ.

ನಿನ್ನ ಬಾಣಂತನಕ್ಕೆ ಬಂದಾಗ ಒಣಶುಂಠಿ ಮುಗಿದಿತ್ತು. ಮಗುವನ್ನು ಎದೆಗೆ ಕಟ್ಟಿಕೊಂಡು ನೀನೂ ಅಂಗಡಿಗೆ ಬಂದೆ. ಕೌಂಟರಿನ ಹುಡುಗಿಯ ಹತ್ತಿರ ನಾನೇ ಕೇಳಿದೆ. ಅವಳಿಗೆ ತಿಳಿಯಲಿಲ್ಲ. ಮತ್ತೆ ಕೇಳಿದೆ. ಹಿಂದೆ ಸಾಲು ಬೆಳೆಯಿತು. ಅವಳು ನನ್ನ ತಲೆ ಮೇಲಿಂದ ನಿನ್ನನ್ನು ನೋಡಿ, "ಇವರಿಗೆ ಏನು ಬೇಕಂತೆ?" ಅಂತ ಕೇಳಿದಳು. ನೀನು ಹೇಳಿದೆ. ನಾನು ಅದುವರೆಗೆ ಕೇಳಿರದ ಒಂದು ದನಿಯಲ್ಲಿ ಹೇಳಿದೆ. ಸಾರಿ ಅಂತಲೂ ಅಂದೆ. ಯಾಕೆ ಸಾರಿ ಅಂದೆ?

ಆ ಹುಡುಗಿಯ ಮೇಲೆ ನನಗೆ ಕೋಪ ಬರಲಿಲ್ಲ. ಚಿಕ್ಕ ಹುಡುಗಿ, ಕೆಲಸದ ಒತ್ತಡ. ನಮ್ಮ ಸಂತೆಯಲ್ಲಿ ಬಿಹಾರದ ಹುಡುಗರು ಏನಾದರೂ ಕೇಳಿದರೆ ನಾವೂ ಹಾಗೇ ಪಿಳಿಪಿಳಿ ನೋಡುತ್ತೇವೆ. ಶುಂಠಿ ಸಿಕ್ಕಿತು, ಮನೆಗೆ ಬಂದೆವು. ಕಾರಿನಲ್ಲಿ ನೀನು ರಸ್ತೆ ನೋಡುತ್ತಲೇ ಹೇಳಿದೆ, "ಇನ್ಮೇಲೆ ಅಂಗಡಿಯಲ್ಲಿ ನಾನೇ ಮಾತಾಡ್ತೀನಿ ಅಮ್ಮಾ, ನೀನು ಸುಮ್ನಿರು." ಪ್ರೀತಿಯಿಂದಲೇ ಹೇಳಿದೆ, ನನಗೆ ಗೊತ್ತು. ನಾನು ಸುಮ್ಮನಾದೆ. ಆಸ್ಪತ್ರೆಯಲ್ಲಿ, ಪಾರ್ಕಿನಲ್ಲಿ, ನಿನ್ನ ಗೆಳತಿಯರ ಮುಂದೆ, ವಿಮಾನ ನಿಲ್ದಾಣದಲ್ಲಿ. ಸರ್ಕಾರಿ ಪ್ರೌಢಶಾಲೆಯ ಹತ್ತನೇ ಕ್ಲಾಸಿನ ಹುಡುಗರು ನನ್ನ ಚಪ್ಪಲಿ ಸದ್ದಿಗೇ ಎದ್ದು ನಿಲ್ಲುತ್ತಿದ್ದರು. ನಿನ್ನ ಮನೆಯಲ್ಲಿ ಅಷ್ಟು ದಿನ ನಾನು ತಲೆ ಆಡಿಸಿಕೊಂಡು ಇದ್ದೆ.

ನಿನಗೆ ಇದು ನೆನಪಿದೆಯೋ ಇಲ್ಲವೋ. ಕಾರಿನಲ್ಲಿ ನಿನ್ನ ಕಣ್ಣಲ್ಲಿ ನೀರಿತ್ತು, ಅದನ್ನು ನಾನು ನೋಡಿದೆ. ನನಗೋಸ್ಕರ ಬಂದ ನೀರಾ, ನನ್ನಿಂದಾಗಿ ಬಂದ ನೀರಾ ಅಂತ ಇವತ್ತಿಗೂ ಗೊತ್ತಿಲ್ಲ. ಕೇಳಲೂ ಇಲ್ಲ. ಕಮಲಾ ಆ ಸಾಲು ಹೇಳಿದಾಗ ನನಗೆ ಮೊದಲು ಬಂದಿದ್ದು ಶ್ಯಾಮಲಾ ಅಂಗಡಿಯಲ್ಲಿ ಏನು ಕೇಳಿರಬಹುದು ಅಂತ. ಪಕ್ಕದಲ್ಲಿದ್ದ ಮಗಳು ಸಾರಿ ಅಂದಿರಬಹುದಾ ಅಂತ. ನೋಡು, ಮತ್ತೆ ಶುಂಠಿಗೇ ಬಂದೆ. ನಿಮ್ಮಪ್ಪ ಓದಿ, "ಇನ್ನೂ ಎಷ್ಟು ಪುಟ ಶುಂಠಿ?" ಅಂತ ಕೇಳುತ್ತಿದ್ದಾರೆ.

ಬರೆಸಿರಬಹುದು. ಭಾಷಣ ಬರೆದುಕೊಡುವವರು ಅವರ ಹತ್ತಿರ ಇರುತ್ತಾರೆ ಅನ್ನೋದು ನನಗೆ ಗೊತ್ತಿಲ್ಲವಾ? ಪಾಠವನ್ನು ನಾನೂ ಬರೆದುಕೊಂಡೇ ಹೋಗುತ್ತಿದ್ದೆ. ಬರೆದುಕೊಂಡು ಹೋದ ಮಾತ್ರಕ್ಕೆ ಲೆಕ್ಕ ಸುಳ್ಳಾಗಲ್ಲ. ನನ್ನ ಅಳು ಮಾತ್ರ ಯಾರೂ ಬರೆದುಕೊಟ್ಟಿದ್ದಲ್ಲ.

ಇನ್ನು ಆ ಫೋಟೋ. ಆಗಸ್ಟ್ 19ನೇ ತಾರೀಖು, ಸಮಾವೇಶ ಶುರುವಾದ ದಿನ, ಗಾಜಾಕ್ಕಾಗಿ ನಡೆದ ಯೂನಿಯನ್ ಪಾರ್ಕಿನ ಮೆರವಣಿಗೆಯಲ್ಲಿ ನೀನು ಫಲಕ ಹಿಡಿದು ನಿಂತಿದ್ದು. ನಿನ್ನಿಂದ ತಿಳಿಯಬೇಕಿತ್ತು, ಮೂರನೆಯವರ ಫೋನಿನಲ್ಲಿ ನೋಡಿದೆ. ಆವತ್ತು ಕೆಲವರು ಬೇಲಿ ಕಿತ್ತು ಒಳಗೆ ನುಗ್ಗಿದರಂತೆ, ಪೊಲೀಸರು ಹಿಡಿದರಂತೆ. ಪತ್ರಿಕೆಗಳಲ್ಲಿ 1968ರಲ್ಲಿ ಇದೇ ಪಕ್ಷದ ಸಮಾವೇಶದ ಹೊತ್ತಿಗೆ ಆದ ಚಿಕಾಗೋ ಗಲಾಟೆಯ ಹಳೇ ಫೋಟೋ, ಲಾಠಿ, ರಕ್ತ. ಎರಡು ರಾತ್ರಿ ನಿದ್ದೆ ಇಲ್ಲ. ನಿನಗೆ ಪೌರತ್ವ ಸಿಕ್ಕಿದೆ, ಅಳಿಯಂದಿರಿಗೆ ಇನ್ನೂ ಸಿಕ್ಕಿಲ್ಲ. ಆಫೀಸಿನಲ್ಲಿ ಯಾರಾದರೂ ನೋಡಿದರೆ? ಮಗು ಚಿಕ್ಕದು. ಹೋಗಬೇಡ ಅಂತ ನಾನು ಹೇಳುತ್ತಿಲ್ಲ. ಹೋಗುವಾಗ ಗುಂಪಿನ ಅಂಚಿನಲ್ಲಿರು. ಫೋನ್ ಚಾರ್ಜ್ ಮಾಡಿಕೋ. ವಕೀಲರ ನಂಬರ್ ಚೀಟಿಯಲ್ಲಿ ಬರೆದಿಟ್ಟುಕೋ, ಫೋನಿನಲ್ಲಿ ಇದ್ದರೆ ಸಾಲದು. ಮುಂದೆ ಕಲ್ಲು ಎಸೆಯುವವರು ಕಂಡರೆ ಹಿಂದೆ ಬಾ, ಧೈರ್ಯ ತೋರಿಸುವ ಜಾಗ ಅದಲ್ಲ. ಎಲ್ಲಿದ್ದೀಯ ಅಂತ ಒಬ್ಬರಿಗಾದರೂ ಹೇಳಿ ಹೋಗು. ಆ ಒಬ್ಬರು ನಾನಾದರೂ ಆದೀತು. ಒಬ್ಬಳು ಹೆಂಗಸು ಸಂಸಾರ, ಕೆಲಸ ಎರಡನ್ನೂ ಹೊತ್ತುಕೊಂಡಿರುವಾಗ... ಸರಿ, ನಿಲ್ಲಿಸಿದೆ. ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಿದ್ದೀಯ. ಬೀದಿಯವರಿಗೆಲ್ಲ ತೋರಿಸಿದ್ದೇನೆ. ಮಾವನಿಗೂ ತೋರಿಸಿದೆ, ಅವನ ಮುಖ ನೋಡಬೇಕಿತ್ತು.

ನಿನ್ನೆ ಇನ್ನೊಂದು ಸುದ್ದಿ ಬಂತು. ನೀನೂ ನೋಡಿರುತ್ತೀಯ. ಬುಧವಾರ ರಾತ್ರಿ ಅದೇ ವೇದಿಕೆ ಮೇಲೆ ನಿಂತು, ಮೇಜಿಗೆ ತಲೆಯಿಟ್ಟು ಅತ್ತರಲ್ಲ ಹಮಾಸ್ ಹಿಡಿದಿಟ್ಟಿದ್ದ ಒತ್ತೆಯಾಳಿನ ತಾಯಿ, ಆ ಹುಡುಗ ಹರ್ಷ್‌ನ ಹೆಣ ರಫಾದ ಸುರಂಗದಲ್ಲಿ ಸಿಕ್ಕಿತಂತೆ. ಇನ್ನೂ ಐವರದು ಜೊತೆಗೆ. 23 ವರ್ಷ. ಅವನ ಅಪ್ಪ ಆವತ್ತು, ನೋವು ಎಲ್ಲ ಕಡೆಯೂ ಬೇಕಾದಷ್ಟಿದೆ, ಯಾರ ನೋವು ದೊಡ್ಡದು ಅಂತ ಪೈಪೋಟಿ ಮಾಡಿದರೆ ಗೆಲ್ಲುವವರು ಯಾರೂ ಇಲ್ಲ ಅಂದಿದ್ದರು. ಗಾಜಾದ ತಾಯಂದಿರಿಗೆ ಅಳಲು ಆ ವೇದಿಕೆ ಸಿಗಲಿಲ್ಲ ಅನ್ನುತ್ತೀಯ. ಹೌದು, ಸಿಗಲಿಲ್ಲ. ನಿನ್ನೆ ಇಡೀ ದಿನ ನನಗೆ ಎರಡೂ ತಲೆಯಲ್ಲಿ ಒಟ್ಟಿಗೆ ಇತ್ತು.

ವೋಟಿನ ಚೀಟಿಯಲ್ಲಿ ಅಧ್ಯಕ್ಷರ ಹೆಸರಿನ ಸಾಲನ್ನು ಖಾಲಿ ಬಿಡುತ್ತೇನೆ ಅಂದೆಯಲ್ಲ, ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ನನ್ನ ಒಪ್ಪಿಗೆ ಯಾರೂ ಕೇಳಿಲ್ಲ ಅನ್ನೋದೂ ಗೊತ್ತು. 1978ರಲ್ಲಿ ಚಿಕ್ಕಮಗಳೂರಿಗೆ ಇಂದಿರಾ ಗಾಂಧಿ ಬಂದು ನಿಂತಾಗ ನನ್ನ ತವರಿನಲ್ಲಿ ನಿಮ್ಮ ಅಜ್ಜ ವೀರೇಂದ್ರ ಪಾಟೀಲರಿಗೆ, ಅಜ್ಜಿ ಇಂದಿರಾಗೆ ಹಾಕಿದರು. ಎಮರ್ಜೆನ್ಸಿ ಬಗ್ಗೆ ಅಜ್ಜ ದಿನಾ ಉಪನ್ಯಾಸ ಕೊಡುತ್ತಿದ್ದರು. ಅಜ್ಜಿ ಕೇಳಿಸಿಕೊಂಡು, ಮುದ್ದೆ ತಿರುವಿಕೊಂಡು, ತನಗೆ ಬೇಕಾದವರಿಗೇ ಒತ್ತಿ ಬಂದಳು. ಯಾಕೆ ಅಂತ ಅಜ್ಜ ಒಂದು ದಿನವೂ ಕೇಳಲಿಲ್ಲ. ನಿಮ್ಮ ಇಲಿನಾಯ್ ರಾಜ್ಯದಲ್ಲಿ ನಿನ್ನ ಒಂದು ವೋಟಿನಿಂದ ಫಲಿತಾಂಶ ಬದಲಾಗಲ್ಲ ಅಂತ ಅಳಿಯಂದಿರು ಹೇಳಿದರು. ಇರಲಿ. ನಿನ್ನ ಮೊದಲನೇ ವೋಟು ಅದು. ಖಾಲಿ ಬಿಡುವುದಾದರೂ ಯೋಚನೆ ಮಾಡಿ ಬಿಡು, ಸಿಟ್ಟಿನಲ್ಲಿ ಬಿಡಬೇಡ. ಇಷ್ಟೇ, ಇನ್ನು ಈ ವಿಷಯ ಎತ್ತಲ್ಲ. ನವೆಂಬರ್ 5ರ ತನಕ.

ಚಟ್ನಿಪುಡಿಗೆ ಬೆಳ್ಳುಳ್ಳಿ ಹಾಕಿಲ್ಲ, ಅಳಿಯಂದಿರಿಗೆ ಆಗಲ್ಲ ಅಂತ. ಬಳೆ ನಿನ್ನ ಕೈಗೆ ಸರಿಯಾಗುತ್ತೋ ಇಲ್ಲವೋ. ಗೌರಿ ಶುಕ್ರವಾರ ಬಂದಿದೆ, ಬಾಗಿನ ಕನ್ನಡ ಕೂಟದ ಯಾರಾದರೂ ಹಿರಿಯ ಮುತ್ತೈದೆಗೆ ಕೊಡು. 10ನೇ ತಾರೀಖು ಟ್ರಂಪ್ ಮತ್ತು ಕಮಲಾ ಎದುರುಬದುರು ನಿಂತು ಚರ್ಚೆ ಮಾಡುತ್ತಾರಂತೆ, ಫಿಲಡೆಲ್ಫಿಯಾದಲ್ಲಿ. ನಮಗೆ ಅದು ಬುಧವಾರ ಬೆಳಗ್ಗೆ ಆರೂವರೆ. ನಾನು ನೋಡುತ್ತೇನೆ. ಮುಗಿದ ಮೇಲೆ ನೀನೇ ಫೋನ್ ಮಾಡು. ನಿನಗೆ ಅನಿಸಿದ್ದನ್ನೆಲ್ಲ ಮೊದಲು ಹೇಳು, ನಾನು ಬಾಯಿ ಹಾಕಲ್ಲ. ಆಮೇಲೆ ನಾನು ಹೇಳುವುದು ಪೂರ್ತಿ ಮುಗಿಯೋವರೆಗೆ ಫೋನ್ ಇಡಬೇಡ.

ನಿನ್ನ
ಅಮ್ಮ