ಸ್ಪಿತಿ ಪ್ರವಾಸಕ್ಕೆ ಮುನ್ನ: ಸಸ್ಪೆನ್ಶನ್ ಮತ್ತು ಸ್ವೇ ಬಾರ್ ಕುರಿತು

ಗುಂಪಿನ ಎಲ್ಲ ಸದಸ್ಯರ ಗಮನಕ್ಕೆ,

ಹಿಮಾಚಲದ ಸ್ಪಿತಿಗೆ ಹೋಗುವಾಗ ಸಿಗುವ, ಗ್ರಾಂಫೂವಿನಿಂದ ಬಾತಲ್‌ವರೆಗಿನ ಕಲ್ಲುದಾರಿಯನ್ನು ನೆನೆದು ಹಲವರು ಸ್ಪ್ರಿಂಗ್ ಬದಲಿಸಲು ಹೊರಟಿದ್ದೀರಿ. ದಯವಿಟ್ಟು ಮೊದಲು ಗಾಡಿಯನ್ನು ನೀರು, ಇಂಧನ, ಸಾಮಾನು, ಜನರ ಸಮೇತ ವೇ ಬ್ರಿಡ್ಜ್ ಮೇಲೆ ನಿಲ್ಲಿಸಿ, ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ಭಾರವನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಿ. ವರ್ಷಕ್ಕೆ ಹತ್ತು ದಿನ ಮಾತ್ರ ಹೊರುವ 200 ಕಿಲೋಗಾಗಿ ಗಟ್ಟಿ ಸ್ಪ್ರಿಂಗ್ ಹಾಕಿಸಿದರೆ, ಉಳಿದ ದಿನಗಳಲ್ಲಿ ಖಾಲಿ ಗಾಡಿ ಗುಂಡಿಗಳ ಮೇಲೆ ಪುಟಿಯುತ್ತದೆ, ಟೈರಿನ ಹಿಡಿತವೂ ತಪ್ಪುತ್ತದೆ. ಹೈಲಕ್ಸ್‌ನಂಥ, ಹಿಂದೆ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಇರುವ ಗಾಡಿಗೆ ಏರ್‌ಬ್ಯಾಗ್ (ಸ್ಪ್ರಿಂಗ್‌ಗೆ ಆಸರೆಯಾಗುವ ಗಾಳಿ ಚೀಲ) ಕೂಡಿಸುವವರು, ಅದು ಭಾರವನ್ನು ಚಾಸಿಯ ಒಂದೇ ಜಾಗಕ್ಕೆ ಒತ್ತುತ್ತದೆ ಎಂಬುದನ್ನು ಮರೆಯಬಾರದು.

ಸ್ವೇ ಬಾರ್ ಎಡಬಲದ ಚಕ್ರಗಳನ್ನು ಬೆಸೆಯುವ ಉಕ್ಕಿನ ಸರಳು. ತಿರುವಿನಲ್ಲಿ ಗಾಡಿ ಪಕ್ಕಕ್ಕೆ ವಾಲಿದಾಗ ತಾನು ತಿರುಚಿಕೊಂಡು ಆ ವಾಲುವಿಕೆಯನ್ನು ತಡೆಯುತ್ತದೆ, ಎರಡೂ ಚಕ್ರಗಳು ಒಟ್ಟಿಗೆ ಏರಿಳಿದಾಗ ಸುಮ್ಮನಿರುತ್ತದೆ. ಒಂದು ಚಕ್ರ ಬಂಡೆಯ ಮೇಲೆ, ಇನ್ನೊಂದು ಹಳ್ಳದಲ್ಲಿ ಇರುವಾಗ ಮಾತ್ರ ಅದು ಚಕ್ರದ ಇಳಿತಕ್ಕೆ ಅಡ್ಡಿ. ಆದ್ದರಿಂದ ಲಿಂಕ್ (ಬಾರ್‌ನ ತುದಿಯ ಜೋಡಣೆ ಕೊಂಡಿ) ಕಳಚುವುದು ನಿಧಾನವಾಗಿ ಸಾಗುವ ಕಡೆಗಷ್ಟೇ ಸರಿ. ಟಾರು ರಸ್ತೆ ಸೇರುವ ಮೊದಲು ಮತ್ತೆ ಜೋಡಿಸಲೇಬೇಕು, ಅದರಲ್ಲೂ ಮೇಲಿನ ಕ್ಯಾರಿಯರ್‌ನಲ್ಲಿ ಹೊರೆ ಇರುವವರು.

ಕಳೆದ ವಾರ ನನ್ನ ಜಿಮ್ನಿಯ ಕೆಳಗೆ ಮಲಗಿ ನೋಡಿದಾಗ ಮುಂದಿನ ಸ್ವೇ ಬಾರ್ ಅನ್ನು ಹಿಡಿದಿಡುವ ರಬ್ಬರ್ ಮೆತ್ತೆ, ಅಂದರೆ ಬುಷ್, ಬಿರಿದು ಅಂಚಿನಲ್ಲಿ ಪುಡಿಯಾಗಿತ್ತು. ಮೂರು ತಿಂಗಳಿಂದ ಕೇಳುತ್ತಿದ್ದ ಟಕ್‌ಟಕ್ ಸದ್ದನ್ನು ನಾನು ಶಾಕ್ ಅಬ್ಸಾರ್ಬರ್‌ನದೆಂದೇ ತಿಳಿದಿದ್ದೆ. ಎಲ್ಲರೂ ಬುಷ್, ಲಿಂಕ್‌ಗಳನ್ನೂ ಶಾಕ್‌ಗಳಲ್ಲಿ ಎಣ್ಣೆ ಸೋರಿದೆಯೇ ಎಂಬುದನ್ನೂ ನೋಡಿ, ಆಕ್ಸಲ್ ಭಾರದ ಅಂಕಿಗಳೊಂದಿಗೆ ಭಾನುವಾರದೊಳಗೆ ಇಲ್ಲಿ ತಿಳಿಸಬೇಕೆಂದು ಕೋರುತ್ತೇನೆ.