ಎರಡು ನಗರಗಳ ನಡುವಿನ ಹೊತ್ತು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನ್ಯೂಯಾರ್ಕ್‌ನಿಂದ ಲಂಡನ್‌ಗೆ ಎಷ್ಟು ದೂರ, ಒಂದೇ ದಾರಿಯಲ್ಲಿ ಹೋಗುವ ಹೊತ್ತಿಗೂ ಬರುವ ಹೊತ್ತಿಗೂ ಗಂಟೆಯಷ್ಟು ಅಂತರ ಏಕೆ ಎಂದು ಕೇಳಿದ್ದೆಯಲ್ಲ, ಅದಕ್ಕೆ ಸಾವಧಾನವಾಗಿ ಉತ್ತರಿಸಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ. ದೂರ ಸುಮಾರು 5,550 ಕಿ.ಮೀ. ಇದು ಭೂಮಿಯ ಗೋಲದ ಮೇಲೆ ಅಳೆದ ಅತಿ ಹತ್ತಿರದ ದಾರಿ. ಗೋಡೆಯ ನಕ್ಷೆಯ ಮೇಲೆ ಅಡಿಪಟ್ಟಿ ಇಟ್ಟು ಎಳೆದ ಗೆರೆಯಲ್ಲ. ಉದಾಹರಣೆಗೆ, ಮ್ಯಾಡ್ರಿಡ್ ಮತ್ತು ನ್ಯೂಯಾರ್ಕ್ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿದ್ದರೂ ಮ್ಯಾಡ್ರಿಡ್‌ನಿಂದ ನೇರ ಪಶ್ಚಿಮಕ್ಕೆ ಹಾರುವುದಕ್ಕಿಂತ ಉತ್ತರಕ್ಕೆ ಬಾಗಿ ಹಾರಿದರೆ 150 ಕಿ.ಮೀ.ಗೂ ಹೆಚ್ಚು ದೂರ ಉಳಿತಾಯವಾಗುತ್ತದೆ.

ಹೊತ್ತನ್ನು ನಿರ್ಧರಿಸುವುದು ಮುಖ್ಯವಾಗಿ ಗಾಳಿ. ವಿಮಾನದ ವೇಗವೆಂದು ನಾವು ಹೇಳುವ ಗಂಟೆಗೆ 900 ಕಿ.ಮೀ. ಎಂಬುದು ಅದನ್ನು ಸುತ್ತುವರಿದ ಗಾಳಿಗೆ ಹೋಲಿಸಿದ ವೇಗ. ಆ ಗಾಳಿಯೇ ಚಲಿಸುತ್ತಿದ್ದರೆ ನೆಲದ ಲೆಕ್ಕ ಬೇರೆಯಾಗುತ್ತದೆ. ಅಟ್ಲಾಂಟಿಕ್ ಮೇಲೆ, ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಬಿರುಸು ಗಾಳಿಯ ಪ್ರವಾಹ ಹರಿಯುತ್ತದೆ, ಮತ್ತು ಧ್ರುವದ ಚಳಿಗೂ ಉಷ್ಣವಲಯದ ಬಿಸಿಗೂ ಅಂತರ ಹೆಚ್ಚುವ ಚಳಿಗಾಲದಲ್ಲಿ ಅದು ಇನ್ನಷ್ಟು ಬಿರುಸಾಗುತ್ತದೆ. 2020ರ ಫೆಬ್ರವರಿಯಲ್ಲಿ ಬಿರುಗಾಳಿಯ ಬಲದಿಂದ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ಒಂದು ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ತಲುಪಿತು. ನೆಲದ ಲೆಕ್ಕದಲ್ಲಿ ಅದರ ವೇಗ ಗಂಟೆಗೆ 1,200 ಕಿ.ಮೀ. ದಾಟಿದ್ದರೂ ಗಾಳಿಯ ಲೆಕ್ಕದಲ್ಲಿ ಅದು ಶಬ್ದದ ವೇಗವನ್ನು ಮೀರಿರಲಿಲ್ಲ. ನನಗೆ ಇಡೀ ವಿಷಯದಲ್ಲಿ ಅತ್ಯಂತ ಸುಂದರವಾಗಿ ಕಾಣುವುದು ಇದೇ.

ಹೋಗುವಾಗ ಸಿಕ್ಕ ಲಾಭ ಬರುವಾಗಿನ ನಷ್ಟಕ್ಕೆ ವಜಾ ಆಗುತ್ತದೆಂದು ನೀನು ಬರೆದಿದ್ದೆ. ಹಾಗಾಗುವುದಿಲ್ಲ. 5,500 ಕಿ.ಮೀ. ದಾರಿಯಲ್ಲಿ ಗಂಟೆಗೆ 150 ಕಿ.ಮೀ. ಗಾಳಿ ಬೀಸುತ್ತಿದೆ ಎಂದುಕೊಂಡರೆ, ಗಾಳಿಯ ಜೊತೆ 5 ಗಂಟೆ 14 ನಿಮಿಷ, ಎದುರುಗಾಳಿಯಲ್ಲಿ 7 ಗಂಟೆ 20 ನಿಮಿಷ ಬೇಕು. ಗಾಳಿಯೇ ಇಲ್ಲದಿದ್ದರೆ ಎರಡೂ ಕಡೆ ಸೇರಿ ಹಿಡಿಯುತ್ತಿದ್ದುದಕ್ಕಿಂತ ಇದು ಸುಮಾರು 20 ನಿಮಿಷ ಹೆಚ್ಚು, ಏಕೆಂದರೆ ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಸಿಕ್ಕಿಕೊಂಡಿರುತ್ತದೆ. ಆದ್ದರಿಂದಲೇ ಅಟ್ಲಾಂಟಿಕ್ ಮೇಲಿನ ಮಾರ್ಗಗಳನ್ನು ಗಾಳಿ ನೋಡಿ ಪ್ರತಿದಿನ ಹೊಸದಾಗಿ ಗುರುತಿಸುತ್ತಾರೆ.

ಕೆಲವೊಮ್ಮೆ ದಾರಿಯನ್ನೇ ಬದಲಿಸುವುದು ರಾಜಕೀಯ. 2022ರಲ್ಲಿ ರಷ್ಯಾದ ವಾಯುಪ್ರದೇಶ ಮುಚ್ಚಿದ ಮೇಲೆ ಹೆಲ್ಸಿಂಕಿಯಿಂದ ಟೋಕಿಯೊಗೆ ಹಿಂದೆ ಒಂಬತ್ತು ಗಂಟೆಯ ಆಸುಪಾಸಿನಲ್ಲಿದ್ದ ಪ್ರಯಾಣ ಹದಿಮೂರು ಗಂಟೆಯ ಸುಮಾರಿಗೆ ಬೆಳೆಯಿತು, ನಗರಗಳು ಇದ್ದಲ್ಲೇ ಇದ್ದರೂ.

ವೇಳಾಪಟ್ಟಿಯ ಅವಧಿ ಗೇಟ್ ಬಿಟ್ಟಾಗಿನಿಂದ ಗೇಟ್ ಸೇರುವವರೆಗಿನದು. ರನ್‌ವೇಯ ಕಾಯುವಿಕೆಯೂ ಅದರಲ್ಲಿ ಸೇರಿದೆ. ಟಿಕೆಟ್ಟಿನಲ್ಲಿರುವುದು ಆಯಾ ಊರಿನ ಗಡಿಯಾರ. ನೀನು ಮಾರ್ಚ್ ಮಧ್ಯದಲ್ಲಿ ಹೊರಡುವವನಾದ್ದರಿಂದ ಇದನ್ನು ತಪ್ಪದೆ ಗಮನಿಸು: ಅಮೆರಿಕ ಮಾರ್ಚ್‌ನ ಎರಡನೆಯ ಭಾನುವಾರ ಗಡಿಯಾರವನ್ನು ಮುಂದೆ ಸರಿಸುತ್ತದೆ, ಬ್ರಿಟನ್ ಕೊನೆಯ ಭಾನುವಾರ. ಈ ನಡುವೆ ಎರಡೂ ನಗರಗಳ ಅಂತರ ಎಂದಿನ ಐದು ಗಂಟೆಯಲ್ಲ, ನಾಲ್ಕು. ಲಂಡನ್ನಿನಲ್ಲಿ ಮುಂದಿನ ವಿಮಾನ ಹಿಡಿಯುವ ಲೆಕ್ಕವನ್ನು ಅದರಂತೆಯೇ ಹಾಕಿಕೋ.

ನಿನ್ನ ಗೆಳೆಯ