ಚಾರ್ಜಿಂಗ್ ಪೋರ್ಟ್ ಪಟ್ಟಿಯಲ್ಲಿದೆ, ಚಾರ್ಜಿಂಗ್ ಚಿಪ್ ಎಲ್ಲಿ?

ಮಾನ್ಯ ಸಂಪಾದಕರೇ,

ಮೊಬೈಲ್ ಮತ್ತು ಎಲೆಕ್ಟ್ರಾನಿಕ್ ಉಪಕರಣಗಳಿಗೆ ದುರಸ್ತಿ ಸೂಚ್ಯಂಕವೊಂದನ್ನು ರೂಪಿಸಲು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ನೇಮಿಸಿದ್ದ ಸಮಿತಿಯು 2025ರ ಮೇ ತಿಂಗಳಲ್ಲಿ ವರದಿ ಸಲ್ಲಿಸಿತು. ಫೋನನ್ನು ಬಿಚ್ಚುವುದು ಎಷ್ಟು ಸುಲಭ, ದುರಸ್ತಿಯ ಮಾಹಿತಿ ಸಿಗುತ್ತದೆಯೇ, ಬಿಡಿಭಾಗಗಳು ಸಕಾಲದಲ್ಲಿ ದೊರೆಯುತ್ತವೆಯೇ ಎಂಬಂತಹ ಅಂಶಗಳನ್ನು ನೋಡಿ ಅಂಕ ಕೊಡಬೇಕೆಂಬ ಅದರ ಶಿಫಾರಸನ್ನು ದುರಸ್ತಿಯನ್ನೇ ನಂಬಿ ಬದುಕುವ ನಾನು ಮನಃಪೂರ್ವಕವಾಗಿ ಸ್ವಾಗತಿಸುತ್ತೇನೆ. ಆದರೆ ಆದ್ಯತೆಯ ಬಿಡಿಭಾಗಗಳೆಂದು ವರದಿ ಹೆಸರಿಸಿರುವ ಬ್ಯಾಟರಿ, ಡಿಸ್‌ಪ್ಲೇ, ಹಿಂಬದಿಯ ಕವಚ, ಕ್ಯಾಮೆರಾ, ಚಾರ್ಜಿಂಗ್ ಪೋರ್ಟ್, ಬಟನ್, ಮೈಕ್, ಸ್ಪೀಕರ್ ಮೊದಲಾದವುಗಳ ಪಟ್ಟಿಯಲ್ಲಿ ದೊಡ್ಡದೊಂದು ಕೊರತೆಯಿದೆ. ಕೇಬಲ್ ಸೇರುವ ಪೋರ್ಟ್ ಆ ಪಟ್ಟಿಯಲ್ಲಿದೆ; ಪೋರ್ಟಿನಿಂದ ಬಂದ ವಿದ್ಯುತ್ತನ್ನು ಅಳೆದು, ಹದಗೊಳಿಸಿ, ಬ್ಯಾಟರಿಗೆ ಬಿಡುವ ಚಿಪ್ ಅಲ್ಲಿಲ್ಲ.

ಪೋರ್ಟ್ ಬದಲಿಸುವ ಕೆಲಸ ಈಗ ಹೋಬಳಿ ಮಟ್ಟದ ಅಂಗಡಿಗಳಲ್ಲೂ ನಡೆಯುತ್ತದೆ. ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಅದು ಪ್ರತ್ಯೇಕವಾದ ಸಣ್ಣ ಬೋರ್ಡಿನ ಮೇಲಿರುವುದರಿಂದ, ನಾವು ಸಿಸಿ ಬೋರ್ಡ್ ಎನ್ನುವ ಆ ತುಂಡನ್ನು ಬದಲಿಸಿದರೆ ಕೆಲಸ ಮುಗಿಯಿತು. ಚಿಪ್ಪಿನ ಮಾತು ಹಾಗಲ್ಲ. ಲಿಥಿಯಂ ಬ್ಯಾಟರಿಯನ್ನು ಮೊದಲು ಸ್ಥಿರ ಕರೆಂಟಿನಲ್ಲಿ, ಅನಂತರ ಸ್ಥಿರ ವೋಲ್ಟೇಜಿನಲ್ಲಿ ತುಂಬಿಸಬೇಕು. ತಯಾರಕರು ಗೊತ್ತುಪಡಿಸಿದ ವೋಲ್ಟೇಜ್ ಮಿತಿಯನ್ನು ದಾಟಬಾರದು. ಬ್ಯಾಟರಿ ಕಾದರೆ ಕರೆಂಟನ್ನು ತಗ್ಗಿಸಬೇಕು, ಇಲ್ಲವೇ ನಿಲ್ಲಿಸಬೇಕು. ಇದನ್ನೆಲ್ಲ ನೋಡಿಕೊಳ್ಳುವ ಚಿಪ್ ಮುಖ್ಯ ಬೋರ್ಡಿನ ಮೇಲೆ, ಪ್ರೊಸೆಸರ್ ಮತ್ತು ಮೆಮೊರಿ ಚಿಪ್ಪುಗಳ ನೆರೆಯಲ್ಲೇ ಬೆಸುಗೆಗೊಂಡು ಕೂತಿರುತ್ತದೆ. ಹಳೆಯ ಐಫೋನುಗಳಲ್ಲಿ ಇದರ ಜೊತೆಗೆ ಟ್ರೈಸ್ಟಾರ್ ಎಂಬ ಇನ್ನೊಂದು ಚಿಪ್ ಇದೆ, ಅಂಗಡಿಗಳಲ್ಲಿ ಅದಕ್ಕೆ ಯು2 ಐಸಿ ಎನ್ನುತ್ತಾರೆ (ಐಸಿ ಎಂದರೆ ಚಿಪ್). ಐಫೋನ್ 6ಎಸ್ ಮತ್ತು 7ರಲ್ಲಿ ಅದರ ಸಂಖ್ಯೆ 1610ಎ3; ಐಫೋನ್ 8 ಮತ್ತು ಎಕ್ಸ್‌ನಲ್ಲಿ ಆ ಜಾಗಕ್ಕೆ ಬಂದದ್ದು 1612ಎ1. ಕೇಬಲ್ಲಿನೊಳಗಿನ ಚಿಪ್ಪನ್ನು ಗುರುತಿಸಿ ಚಾರ್ಜಿಂಗ್‌ಗೆ ಅನುಮತಿ ಕೊಡುವುದು ಇದರ ಕೆಲಸ. ಕಾರಿನಲ್ಲಿ ಸಿಕ್ಕಿಸುವ ಅಗ್ಗದ ಚಾರ್ಜರುಗಳಿಂದ ಏರುಪೇರಾಗಿ ಬರುವ ವೋಲ್ಟೇಜಿಗೆ ಮೊದಲು ಬಲಿಯಾಗುವುದೂ ಇದೇ.

ಇಂತಹ ಚಿಪ್ ಕೆಟ್ಟಾಗ ಫೋನ್ ಒಮ್ಮೆಲೇ ಸಾಯುವುದಿಲ್ಲ. ಪರದೆಯ ಮೇಲೆ ಮಿಂಚಿನ ಗುರುತು ಬರುತ್ತದೆ, ಶೇಕಡಾವಾರು ಏರುವುದಿಲ್ಲ. ಬಳಸದೆ ಬಿಟ್ಟರೂ ಬ್ಯಾಟರಿ ಇಳಿಯುತ್ತದೆ. ಕಂಪ್ಯೂಟರಿಗೆ ಸಿಕ್ಕಿಸಿದರೆ ಗುರುತು ಹತ್ತುವುದಿಲ್ಲ. ಗ್ರಾಹಕರು ಮೊದಲು ಕೇಬಲ್, ಆಮೇಲೆ ಬ್ಯಾಟರಿ, ಅದಾದ ಮೇಲೆ ಪೋರ್ಟ್ ಬದಲಿಸಿ, ಮೂರಕ್ಕೂ ದುಡ್ಡು ತೆತ್ತು, ಕೊನೆಗೆ ಅಧಿಕೃತ ಸೇವಾ ಕೇಂದ್ರಕ್ಕೆ ಹೋದಾಗ ಅಲ್ಲಿ ಸಾಮಾನ್ಯವಾಗಿ ಕೇಳಿಬರುವ ಉತ್ತರ ಬೋರ್ಡ್ ಬದಲಿಸಬೇಕು ಎಂಬುದು. ಕೆಲವು ನೂರು ರೂಪಾಯಿಯ ಚಿಪ್ಪಿಗಾಗಿ ಹಲವು ಸಾವಿರದ ಬೋರ್ಡ್. ಅದಕ್ಕಿಂತ ಹೆಚ್ಚಿನ ನಷ್ಟ ಹಣದ್ದಲ್ಲ. ಇಂದಿನ ಫೋನುಗಳಲ್ಲಿ ಮಾಹಿತಿ ಗೂಢಲಿಪಿಯಲ್ಲಿರುತ್ತದೆ ಮತ್ತು ಅದರ ಕೀಲಿ ಅದೇ ಬೋರ್ಡಿನ ಪ್ರೊಸೆಸರಿಗೆ ಕಟ್ಟುಬಿದ್ದಿರುತ್ತದೆ. ಹಾಗಾಗಿ ಬೋರ್ಡ್ ಹೋದರೆ ಬ್ಯಾಕಪ್ ಇಲ್ಲದ ಚಿತ್ರಗಳು, ಲೆಕ್ಕಪತ್ರಗಳು, ತೀರಿಕೊಂಡವರ ಧ್ವನಿ ಸಂದೇಶಗಳು ಎಲ್ಲವೂ ಅದರ ಜೊತೆಗೇ ಹೋದಂತೆ. ಚಿಪ್ಪನ್ನಷ್ಟೇ ಬದಲಿಸಿದರೆ ಇವೆಲ್ಲ ಇದ್ದಲ್ಲೇ ಉಳಿಯುತ್ತವೆ.

ಆ ಕೆಲಸ ಏನೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇದನ್ನು ಕೈಚಳಕದ ಜಾದೂ ಎಂದು ನಂಬುವವರೂ ಇದ್ದಾರೆ, ಮೋಸವೆಂದು ತಳ್ಳಿಹಾಕುವವರೂ ಇದ್ದಾರೆ. ಚಿಪ್ಪನ್ನು ಮುಟ್ಟುವ ಮೊದಲು ಫೋನ್ ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ಯುಎಸ್‌ಬಿ ಮೀಟರಿನಲ್ಲಿ ನೋಡಬೇಕು, ಪೋರ್ಟಿನಿಂದ ಬರುವ 5 ವೋಲ್ಟಿನ ದಾರಿಯನ್ನು ಮಲ್ಟಿಮೀಟರಿನ ಡಯೋಡ್ ಮೋಡಿನಲ್ಲಿ ಅಳೆಯಬೇಕು. ದಾರಿ ಶಾರ್ಟ್ ಆಗಿದ್ದರೆ ತಪ್ಪು ಚಿಪ್ಪಿನದೇ ಆಗಿರಬೇಕೆಂದಿಲ್ಲ. ಪಕ್ಕದ ಸಾಸಿವೆಗಿಂತ ಚಿಕ್ಕ ಕೆಪಾಸಿಟರ್ ಒಂದು ಸುಟ್ಟಿದ್ದರೂ ಲಕ್ಷಣ ಅದೇ. ಚಿಪ್ಪೇ ಹೋಗಿದೆಯೆಂದು ಖಚಿತವಾದ ಮೇಲೆ ಬೋರ್ಡನ್ನು ಹಿಡಿಕೆಯಲ್ಲಿ ಬಿಗಿದು, ಬೆಸುಗೆಗೆ ನೆರವಾಗುವ ಫ್ಲಕ್ಸ್ ಎಂಬ ಲೇಪ ಹಚ್ಚಿ, ಬಿಸಿಗಾಳಿ ಬಿಡಬೇಕು. ಕಾರ್ಖಾನೆಯ ಸೀಸರಹಿತ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಸೆಲ್ಸಿಯಸ್ ಬೇಕು. ನಾವು ಬಳಸುವ ಸೀಸಯುಕ್ತ ಬೆಸುಗೆ 183 ಡಿಗ್ರಿಗೆ ಕರಗುತ್ತದೆ. ಆ ಬಿಸಿಯಲ್ಲಿ ಪಕ್ಕದ ಚಿಪ್ಪುಗಳ ಕೆಳಗಿನ ಬೆಸುಗೆ ಅಲುಗಬಾರದು. ಅಡಿಯಲ್ಲಿ ಅಂಟು ಹಾಕಿದ್ದರೆ ಎತ್ತುವಾಗ ಬೋರ್ಡಿನ ಪ್ಯಾಡುಗಳು, ಅಂದರೆ ಚಿಪ್ ಬೆಸೆದುಕೊಳ್ಳುವ ಲೋಹದ ಬಿಂದುಗಳು, ಕಿತ್ತು ಬರಬಾರದು. ಬಂದರೆ ಕೂದಲಿಗಿಂತ ತೆಳುವಾದ ತಂತಿಯಿಂದ ಜಂಪರ್ ಎಳೆಯುವ ಗತಿ. ಆಮೇಲೆ ಹಳೆಯ ಬೆಸುಗೆಯನ್ನು ಒರೆಸಿ, ಅಡಿಯಲ್ಲಿ ಬೆಸುಗೆಯ ಹತ್ತಾರು ಸಣ್ಣ ಗುಂಡುಗಳಿರುವ ಹೊಸ ಚಿಪ್ಪನ್ನು ಸೂಕ್ಷ್ಮದರ್ಶಕದ ಕೆಳಗೆ ದಿಕ್ಕು ತಪ್ಪದಂತೆ ಕೂರಿಸಬೇಕು.

ಇಷ್ಟು ಕಲಿಯಬಹುದು, ಕಲಿತವರು ನಮ್ಮ ರಾಜ್ಯದ ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ಕಷ್ಟವಿರುವುದು ಹೊಸ ಚಿಪ್ ಎಂಬ ಆ ಎರಡು ಮಾತಿನಲ್ಲಿ. ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಬಿಕ್ಯೂ25601ನಂತಹ ಚಾರ್ಜಿಂಗ್ ಚಿಪ್ಪನ್ನು ಯಾರು ಬೇಕಾದರೂ ಅಧಿಕೃತ ವಿತರಕರಿಂದ ಕೊಳ್ಳಬಹುದು, ಅದರ ಪೂರ್ಣ ವಿವರಪತ್ರ ಅಂತರ್ಜಾಲದಲ್ಲಿ ಮುಕ್ತವಾಗಿದೆ. ಅದೇ ಕಂಪನಿ ಐಫೋನಿಗೆಂದು ಮಾಡಿದ ಎಸ್‌ಎನ್2400, ಎಸ್‌ಎನ್2501ರಂತಹ ಚಿಪ್ಪುಗಳಿಗೆ ಸಾರ್ವಜನಿಕ ವಿವರಪತ್ರವೂ ಇಲ್ಲ, ನೇರ ಮಾರಾಟವೂ ಇಲ್ಲ. ಲ್ಯಾಪ್‌ಟಾಪುಗಳಲ್ಲೂ ಇದೇ ಪಾಡು: ಮ್ಯಾಕ್‌ಬುಕ್ಕಿನ ಐಎಸ್‌ಎಲ್9240 ಎಂಬ ಚಾರ್ಜಿಂಗ್ ಚಿಪ್ಪನ್ನು ದುಡ್ಡು ಕೊಟ್ಟರೂ ತಯಾರಕರಿಂದ ಕೊಳ್ಳಲಾಗದೆಂದು ಅಮೆರಿಕದ ದುರಸ್ತಿಗಾರ ಲೂಯಿ ರಾಸ್‌ಮನ್ ಬಹುಕಾಲದಿಂದ ದೂರುತ್ತ ಬಂದಿದ್ದಾರೆ. ಹೀಗಾಗಿ ನಾವು ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಮೂಲಕ, ಅಲ್ಲಿಯವರು ಚೀನಾದ ಶೆನ್‌ಜೆನ್ ನಗರದ ಹುವಾಚಿಯಾಂಗ್‌ಬೇ ಮಾರುಕಟ್ಟೆಯ ಮೂಲಕ ತರಿಸುತ್ತೇವೆ. ಬರುವುದರಲ್ಲಿ ಗುಜರಿ ಬೋರ್ಡುಗಳಿಂದ ಕಿತ್ತು, ರೀಬಾಲ್ ಮಾಡಿ (ಹೊಸ ಬೆಸುಗೆ ಗುಂಡುಗಳನ್ನು ಕೂರಿಸಿ), ತೊಳೆದು ಹೊಸದೆಂದು ಮಾರುವ ಚಿಪ್ಪುಗಳಿರುತ್ತವೆ. ಬೇರೆ ಸಂಖ್ಯೆಯನ್ನು ಅಳಿಸಿ ಬೇಕಾದ ಸಂಖ್ಯೆ ಕೊರೆದವೂ ಇರುತ್ತವೆ. ಕೂರಿಸಿ ನೋಡುವವರೆಗೆ ಅಸಲಿ ಯಾವುದು ಎಂದು ಹೇಳಲು ಬರುವುದಿಲ್ಲ. ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಣೆಯಾಗುತ್ತದೆ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಿಂದ ಬೆಂಗಳೂರಿನಲ್ಲಿದೆ. ಹೀಗಿದ್ದೂ ಒಂದು ಚಿಪ್ಪಿಗಾಗಿ ನಾವು ಶೆನ್‌ಜೆನ್‌ನ ಗುಜರಿಯನ್ನು ನಂಬಬೇಕಾಗಿದೆ.

ಈ ಕೊರತೆ ಬರೀ ವ್ಯಾಪಾರದ ತಾಪತ್ರಯವಲ್ಲ. ಚಿಪ್ ಸಿಗದಿದ್ದಾಗ ಕೆಲವರು ಅಡ್ಡದಾರಿ ಹಿಡಿಯುತ್ತಾರೆ: ಅತಿವೋಲ್ಟೇಜಿನಿಂದ ಕಾಪಾಡುವ ಚಿಪ್ಪನ್ನು ತೆಗೆದು ಅಲ್ಲಿ ತಂತಿ ಬೆಸೆಯುವುದು, ಸಾದಾ ಕೀಪ್ಯಾಡ್ ಫೋನುಗಳಲ್ಲಿ ಪೋರ್ಟಿನಿಂದ ಬ್ಯಾಟರಿಗೆ ನೇರ ಸಂಪರ್ಕ ಕೊಡುವುದು. ಫೋನ್ ಚಾರ್ಜ್ ಆಗುತ್ತದೆ, ಗ್ರಾಹಕರು ಸಂತೋಷದಿಂದ ಹೋಗುತ್ತಾರೆ. ಆದರೆ ಬ್ಯಾಟರಿಯನ್ನು ಕಾಯುವವರು ಯಾರೂ ಉಳಿದಿರುವುದಿಲ್ಲ; ಅದು ಉಬ್ಬಬಹುದು, ಹೊತ್ತಿಕೊಳ್ಳಲೂಬಹುದು. ಹೊರಗಿನವರ ದುರಸ್ತಿ ಅಪಾಯಕಾರಿ ಎಂಬ ಕಾರಣ ಕೊಟ್ಟು ಬಿಡಿಭಾಗಗಳನ್ನು ತಡೆಹಿಡಿಯುವ ಕಂಪನಿಗಳು, ಆ ಅಪಾಯದಲ್ಲಿ ತಾವು ತಡೆಹಿಡಿದದ್ದರ ಪಾಲೆಷ್ಟು ಎಂಬುದನ್ನೂ ಹೇಳಬೇಕು.

ಬೋರ್ಡಿನ ರೇಖಾಚಿತ್ರದ ವಿಚಾರವೂ ಹೀಗೆಯೇ. ಯಾವ ದಾರಿ ಯಾವ ಚಿಪ್ಪಿಗೆ ಹೋಗುತ್ತದೆ ಎಂದು ತಿಳಿಯಲು ನಾವು ಅನಧಿಕೃತ ಮೂಲಗಳಿಂದ ಬಂದ ನಕ್ಷೆಗಳನ್ನು ಅವಲಂಬಿಸಿದ್ದೇವೆ. 2025ರ ಜೂನ್ 20ರಿಂದ ಐರೋಪ್ಯ ಒಕ್ಕೂಟದಲ್ಲಿ ಜಾರಿಯಾಗಿರುವ ಸ್ಮಾರ್ಟ್‌ಫೋನ್ ನಿಯಮವು, ದೋಷ ಪತ್ತೆಗೆ ಅಗತ್ಯವಿರುವಷ್ಟು ಮಟ್ಟಿಗೆ ಬೋರ್ಡಿನ ರೇಖಾಚಿತ್ರಗಳನ್ನು ವೃತ್ತಿಪರ ದುರಸ್ತಿಗಾರರಿಗೆ ಒದಗಿಸಬೇಕೆಂದು ಹೇಳುತ್ತದೆ. ಅವರ ಬಿಡಿಭಾಗಗಳ ಪಟ್ಟಿಯೂ ಪೋರ್ಟಿನಲ್ಲೇ ನಿಂತಿದೆ ಎಂಬುದನ್ನು ಮುಚ್ಚಿಡುವುದಿಲ್ಲ, ಆದರೂ ರೇಖಾಚಿತ್ರವನ್ನಾದರೂ ಅವರು ಮರೆಯಲಿಲ್ಲ.

ಬಿಡಿಭಾಗಗಳನ್ನು ಮುಕ್ತವಾಗಿ ಮಾರಬೇಕೆನ್ನುವುದು ನಮ್ಮ ದೇಶಕ್ಕೆ ಹೊಸ ವಿಚಾರವೂ ಅಲ್ಲ. ಬಿಡಿಭಾಗ ಮತ್ತು ದುರಸ್ತಿ ಉಪಕರಣಗಳನ್ನು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ದಂಡ ವಿಧಿಸಿತ್ತು. ಮೇಲ್ಮನವಿಗಳಾದವು, ಆ ಮಾತು ಬೇರೆ. ಕಾರಿಗೆ ಒಪ್ಪಿದ ನ್ಯಾಯ ಜೇಬಿನ ಫೋನಿಗೆ ಏಕೆ ಒಪ್ಪಬಾರದು ಎಂಬುದು ನನ್ನ ಪ್ರಶ್ನೆ. ಸಮಿತಿಯ ಪಟ್ಟಿಯನ್ನು ಪರಿಷ್ಕರಿಸುವಾಗ ಇಲಾಖೆಯು ಚಾರ್ಜಿಂಗ್ ಮತ್ತು ಪವರ್ ಚಿಪ್ಪುಗಳನ್ನು ಸೇರಿಸಬೇಕು, ಅವುಗಳ ಸಂಖ್ಯೆ ಮತ್ತು ಬೆಲೆಯನ್ನು ಕಂಪನಿಗಳು 2022ರಲ್ಲೇ ಆರಂಭವಾದ ದುರಸ್ತಿ ಹಕ್ಕಿನ ಪೋರ್ಟಲಿನಲ್ಲಿ ಪ್ರಕಟಿಸುವಂತೆ ಮಾಡಬೇಕು. ಎಲ್ಲರಿಗೂ ಮಾರಲು ಹಿಂಜರಿಕೆಯಿದ್ದರೆ, ಐಟಿಐ ಅಥವಾ ಕೌಶಲ ಮಂಡಳಿಗಳ ಮೊಬೈಲ್ ದುರಸ್ತಿ ತರಬೇತಿಯ ಪ್ರಮಾಣಪತ್ರ ಇದ್ದವರಿಗಾದರೂ ಮೊದಲು ಮಾರಲಿ.

ನಮ್ಮ ವೃತ್ತಿಯವರ ಕಡೆಯೂ ತಿದ್ದಿಕೊಳ್ಳಬೇಕಾದದ್ದು ಇದೆ. ಪೋರ್ಟಿನಲ್ಲಿ ಕಟ್ಟಿದ ಧೂಳನ್ನು ತೆಗೆದು, ಐಸಿ ಬದಲಿಸಿದೆ ಎಂದು ಹಣ ಪಡೆಯುವವರು ಇದ್ದಾರೆ. ಅಳತೆಯನ್ನೇ ಮಾಡದೆ ಬಿಸಿಗಾಳಿ ಹಿಡಿದು ಬೋರ್ಡನ್ನು ಬೇಯಿಸುವವರೂ ಇದ್ದಾರೆ. ಬದಲಿಸಿದ ಚಿಪ್ಪಿನ ಸಂಖ್ಯೆ, ಅದು ಹೊಸದೋ ಬೇರೆ ಬೋರ್ಡಿನಿಂದ ತೆಗೆದದ್ದೋ ಎಂಬುದು, ಕೆಲಸಕ್ಕೆ ಮೊದಲು ಮತ್ತು ಅನಂತರ ಮೀಟರ್ ತೋರಿಸಿದ ಕರೆಂಟ್, ಇವಿಷ್ಟನ್ನೂ ರಸೀದಿಯಲ್ಲಿ ಬರೆದು, ತೆಗೆದ ಚಿಪ್ಪನ್ನು ಚಿಕ್ಕ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗ್ರಾಹಕರಿಗೆ ಹಿಂದಿರುಗಿಸುವ ಕ್ರಮವನ್ನು ದುರಸ್ತಿಗಾರರ ಸಂಘಗಳೇ ಕಡ್ಡಾಯ ಮಾಡಬಹುದು. ಇದಕ್ಕೆ ದೆಹಲಿಯ ಆದೇಶ ಬರಲೆಂದು ಕಾಯಬೇಕಾದ ಅಗತ್ಯವಿಲ್ಲ. ನಮ್ಮ ಅಂಗಡಿಯಲ್ಲಿ ಹೀಗೆಯೇ ಮಾಡುತ್ತಿದ್ದೇವೆ.

ಇಂತಿ,
ಒಬ್ಬ ಮೊಬೈಲ್ ದುರಸ್ತಿಗಾರ, ದಾವಣಗೆರೆ